ಮಾವಿನ ಹಣ್ಣಿನ ಮಫಿನ್: ಮೊದಲು ರಸ ಬತ್ತಿಸಿ, ಆಮೇಲೆ ಹಿಟ್ಟು ಕಲಸಿ

ಯುಗಾದಿಗೆ ಮಾವಿನಕಾಯಿ ಚಿತ್ರಾನ್ನ ಮಾಡಿ ತಿಂಗಳಾಗುವುದರೊಳಗೆ ರಾಮನಗರದ ಕಡೆಯ ಬಾದಾಮಿ ಹಣ್ಣು ತಳ್ಳುಗಾಡಿಗೆ ಬಂದಿರುತ್ತದೆ. ಅದರ ಹಿಂದೆಯೇ ಶ್ರೀನಿವಾಸಪುರದ ಹಣ್ಣು. ಒಂದು ಡಜನ್ ತಂದಿಟ್ಟರೆ ಎಲ್ಲವೂ ಒಂದೇ ದಿನ ಹಣ್ಣಾಗಿ ಕೂತಿರುತ್ತವೆ. ಸೀಕರಣೆ ಮಾಡಿ, ಹೋಳು ಮಾಡಿ ತಿಂದು, ಪಕ್ಕದ ಮನೆಗೆ ಕೊಟ್ಟರೂ ಮೂರು ನಾಲ್ಕು ಉಳಿದೇ ಉಳಿಯುತ್ತವೆ, ಅಲ್ವಾ? ಆ ಉಳಿದ ಹಣ್ಣಿನಲ್ಲಿ ಮಫಿನ್ ಮಾಡಿ ನೋಡಿ. ಮೂರು ಹಣ್ಣಿಗೆ ಹನ್ನೆರಡು ಮಫಿನ್ ಆಗುತ್ತದೆ.

ಮಫಿನ್ ಕೇಕ್‌ಗಿಂತ ಸುಲಭ. ಬೆಣ್ಣೆ, ಸಕ್ಕರೆ ಹಗುರಾಗುವ ತನಕ ತಿರುವುತ್ತಾ ನಿಲ್ಲಬೇಕಿಲ್ಲ, ಬೀಟರ್ ಬೇಕಿಲ್ಲ. ಒಣ ಸಾಮಾನು ಒಂದು ಪಾತ್ರೆಯಲ್ಲಿ, ಹಸಿ ಸಾಮಾನು ಇನ್ನೊಂದರಲ್ಲಿ. ಎರಡನ್ನೂ ಸೇರಿಸಿ ಕಪ್ಪಿಗೆ ಹಾಕಿ ಬೇಯಿಸಿದರೆ ಆಯಿತು. ಆದರೂ ತಾಜಾ ಹಣ್ಣು ಹಾಕಿದ ಮಫಿನ್ ಸುಮಾರು ಜನರಿಗೆ ಕೈಕೊಡುತ್ತದೆ. ಮೇಲೆ ಕೆಂಪಗೆ ಬೆಂದಿರುತ್ತದೆ, ಮುರಿದರೆ ಒಳಗೆ ಹಲ್ವದ ಹಾಗೆ ಅಂಟಂಟು. ನಾನು ಮೊದಲ ಸಲ ಮಾಡಿದಾಗಲೂ ಹೀಗೇ ಆಗಿತ್ತು. ಇನ್ನೂ ಸ್ವಲ್ಪ ಬೇಯಲಿ ಎಂದು ಹತ್ತು ನಿಮಿಷ ಜಾಸ್ತಿ ಇಟ್ಟೆ. ತಳ ಸೀದುಹೋಯಿತು, ನಡು ಹಾಗೇ ಉಳಿಯಿತು.

ತಪ್ಪು ಓವನ್‌ದಲ್ಲ. ಮಾವಿನ ತಿರುಳಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಭಾಗ ನೀರೇ. ಒಂದು ಕಪ್ ರಸ ಹಾಕಿದಾಗ ಮುಕ್ಕಾಲು ಕಪ್‌ಗೂ ಮೀರಿ ನೀರು ಹಾಕಿದ ಲೆಕ್ಕವಾಯಿತು. ಮೇಲಿಂದ ಹಣ್ಣಿನ ತುಂಡುಗಳೂ ಬೇಯುವಾಗ ನೀರು ಬಿಡುತ್ತವೆ. ಅಷ್ಟು ನೀರನ್ನು ಮೈದಾ ಒಂದೇ ಹೀರಲಾರದು. ಈ ನೀರನ್ನು ಸರಿಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಸರಿಯಾಗುತ್ತದೆ ಎನ್ನುವುದು ನನ್ನ ಅನುಭವ.

ಯಾವ ಹಣ್ಣು ತರಬೇಕು

ಬಾದಾಮಿ ಅಥವಾ ಮಲ್ಲಿಕಾ. ಎರಡರ ತಿರುಳೂ ಗಟ್ಟಿ, ನಾರು ಕಡಿಮೆ, ಕತ್ತರಿಸಿದರೆ ತುಂಡು ತುಂಡಾಗಿಯೇ ನಿಲ್ಲುತ್ತದೆ. ರಸಪುರಿ ತಿನ್ನಲು ನನಗೆ ಬಾದಾಮಿಗಿಂತಲೂ ಇಷ್ಟ. ಆದರೆ ಹೆಸರೇ ಹೇಳುವಂತೆ ಅದು ರಸದ ಹಣ್ಣು. ರಸಕ್ಕೆ ಅದನ್ನು ಬಳಸಿ, ತುಂಡಿಗೆ ಬೇಡ. ತೋತಾಪುರಿ, ಅಂದರೆ ನಮ್ಮ ಗಿಣಿಮೂತಿ ಹಣ್ಣು, ಸಿಹಿ ಕಡಿಮೆಯಾದರೂ ತುಂಡಿಗೆ ಚೆನ್ನಾಗಿ ಒಗ್ಗುತ್ತದೆ. ಸಿಹಿ ಮಫಿನ್ ನಡುವೆ ಸಣ್ಣ ಹುಳಿ ಸಿಕ್ಕಿದರೆ ರುಚಿಯೇ ಬೇರೆ. ರಸಪುರಿ ರಸ, ಗಿಣಿಮೂತಿ ತುಂಡು: ನನ್ನ ಮಟ್ಟಿಗೆ ಇದೇ ಒಳ್ಳೆಯ ಜೋಡಿ, ಬೆಲೆಯೂ ಬಾದಾಮಿಯಷ್ಟು ಇರುವುದಿಲ್ಲ.

ಕೊಳ್ಳುವಾಗ ಬಣ್ಣ ನೋಡಬೇಡಿ, ತೊಟ್ಟಿನ ಹತ್ತಿರ ಮೂಸಿ ನೋಡಿ. ಸಿಪ್ಪೆ ಪೂರ್ತಿ ಹಳದಿ ಇದ್ದು ವಾಸನೆಯೇ ಇಲ್ಲದಿದ್ದರೆ ಅದನ್ನು ಬಲವಂತವಾಗಿ ಹಣ್ಣು ಮಾಡಿರಬಹುದು. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ನಮ್ಮ ದೇಶದಲ್ಲಿ ನಿಷೇಧ. ಅನುಮಾನ ಇದ್ದರೆ ದೋರೆಗಾಯಿಯನ್ನೇ ತಂದು ಹುಲ್ಲಿನಲ್ಲೋ ಪೇಪರಿನಲ್ಲೋ ಮುಚ್ಚಿಡಿ. ಮೂರು ನಾಲ್ಕು ದಿನದಲ್ಲಿ ಮನೆ ತುಂಬ ಪರಿಮಳ ಬರುತ್ತದೆ. ಒತ್ತಿದರೆ ಬೆರಳು ಒಳಗೆ ಹೋಗುವಷ್ಟು ಕಳಿತ ಹಣ್ಣನ್ನು ರಸಕ್ಕೆ ಇಟ್ಟುಕೊಳ್ಳಿ, ಸ್ವಲ್ಪ ಗಟ್ಟಿ ಇರುವುದನ್ನು ತುಂಡಿಗೆ.

ಏನೇನು ಬೇಕು

ಹನ್ನೆರಡು ಮಫಿನ್‌ಗೆ ಮೈದಾ ಒಂದೂವರೆ ಕಪ್ (ಸುಮಾರು 180 ಗ್ರಾಂ), ಚಿರೋಟಿ ರವೆ ಕಾಲು ಕಪ್, ಪುಡಿ ಮಾಡಿದ ಸಕ್ಕರೆ 120 ಗ್ರಾಂ, ವಾಸನೆ ಇಲ್ಲದ ಎಣ್ಣೆ ಅಥವಾ ಕರಗಿಸಿದ ಬೆಣ್ಣೆ 80 ಮಿಲಿ, ಹುಳಿಯಾಗದ ಗಟ್ಟಿ ಮೊಸರು ಮುಕ್ಕಾಲು ಕಪ್. ಮಾವಿನ ರಸ ಒಂದು ಕಪ್, ಅದನ್ನು ಬತ್ತಿಸಿ ಅರ್ಧ ಕಪ್ ಮಾಡಬೇಕು. ಹಣ್ಣಿನ ತುಂಡು ಒಂದು ಕಪ್. ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಉಪ್ಪು ಕಾಲು ಟೀ ಚಮಚ, ಏಲಕ್ಕಿ ಪುಡಿ ಎರಡು ಚಿಟಿಕೆ. ಮೇಲೆ ಉದುರಿಸಲು ಒಂದು ಚಮಚ ಸಕ್ಕರೆ. ಇಲ್ಲಿ ಕಪ್ ಅಂದರೆ 240 ಮಿಲಿಯ ಅಳತೆ ಕಪ್, ಕಾಫಿ ಲೋಟ ಅಲ್ಲ. ತಕ್ಕಡಿ ಇದ್ದರೆ ತೂಕ ಮಾಡುವುದೇ ಒಳ್ಳೆಯದು. ಮೈದಾವನ್ನು ಒತ್ತಿ ತುಂಬಿದರೆ ಅದೇ ಕಪ್ಪಿನಲ್ಲಿ ತುಂಬಾ ಜಾಸ್ತಿ ಹಿಡಿಯುತ್ತದೆ.

ಮೊಟ್ಟೆ ಯಾಕಿಲ್ಲ ಎಂದು ಕೇಳಬಹುದು. ನಮ್ಮ ಅಯ್ಯಂಗಾರ್ ಬೇಕರಿಯವರು ಮೊಟ್ಟೆ ಹಾಕದೆಯೇ ಕೇಕ್ ಮಾಡಿ ಊರೂರಿಗೆ ರುಚಿ ಹತ್ತಿಸಿದವರು. ಮೊಸರಿನ ಹುಳಿ ಮತ್ತು ಸೋಡಾ ಸೇರಿದಾಗ ಏಳುವ ಗಾಳಿಯೇ ಹಿಟ್ಟನ್ನು ಉಬ್ಬಿಸುತ್ತದೆ. ಮೊಟ್ಟೆ ತಿನ್ನುವವರು ಎರಡು ಮೊಟ್ಟೆ ಹಾಕಿ, ಮೊಸರನ್ನು ಕಾಲು ಕಪ್ಪಿಗೆ ಇಳಿಸಿ, ಸೋಡಾ ಒಂದು ಚಿಟಿಕೆ ಸಾಕು.

ಮೊದಲ ಕೆಲಸ: ರಸ ಬತ್ತಿಸುವುದು

ಕಳಿತ ಹಣ್ಣಿನ ಸಿಪ್ಪೆ ಸುಲಿದು, ತಿರುಳು ತೆಗೆದು, ನೀರು ಹಾಕದೆ ಮಿಕ್ಸಿಯಲ್ಲಿ ತಿರುವಿ. ವಾಟೆ ಮಕ್ಕಳಿಗೆ ಕೊಡಿ, ಅದು ಅವರ ಹಕ್ಕು. ರಸವನ್ನು ದಪ್ಪ ತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿಡಿ. ಗಟ್ಟಿಯಾಗುತ್ತಾ ಬಂದಾಗ ಮೈಮೇಲೆ ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಇರಲಿ. ಕೈ ಬಿಡದೆ ತಿರುವಿ. ಹತ್ತು ಹನ್ನೆರಡು ನಿಮಿಷದಲ್ಲಿ ಬಣ್ಣ ಗಾಢವಾಗುತ್ತದೆ, ಸೌಟಿನಿಂದ ತಳಕ್ಕೆ ಗೆರೆ ಎಳೆದರೆ ಗೆರೆ ಒಂದು ಕ್ಷಣ ನಿಂತು ಆಮೇಲೆ ಮುಚ್ಚಿಕೊಳ್ಳುತ್ತದೆ. ಅಷ್ಟಾದರೆ ಸಾಕು. ಮಾಂಬಳಕ್ಕೆ ರಸ ಒಣಗಿಸುವವರಿಗೆ ಈ ಪರಿಮಳ ಗೊತ್ತು. ನೀರು ಹೋದ ಹಾಗೆ ಮಾವಿನ ರುಚಿ ಗಾಢವಾಗುತ್ತದೆ. ಹಸಿ ರಸ ಹಾಕಿ ಮಾಡಿದ ಮಫಿನ್‌ನಲ್ಲಿ ಬಣ್ಣ ಇರುತ್ತದೆ, ಮಾವು ತಿಂದೆವು ಅನಿಸುವುದಿಲ್ಲ. ಬತ್ತಿಸಿದ ರಸದಲ್ಲಿ ಮೊದಲ ತುತ್ತಿಗೇ ಗೊತ್ತಾಗುತ್ತದೆ. ರಸ ಪೂರ್ತಿ ಆರಬೇಕು. ಹಿಂದಿನ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿಟ್ಟರೂ ಆಯಿತು.

ತುಂಡುಗಳನ್ನು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾಗಿ, ಸುಮಾರು ಒಂದು ಸೆಂಟಿಮೀಟರ್ ಗಾತ್ರಕ್ಕೆ ಹೆಚ್ಚಿ. ದೊಡ್ಡ ತುಂಡು ಭಾರಕ್ಕೆ ತಳ ಸೇರುತ್ತದೆ, ಸುತ್ತ ಹಿಟ್ಟು ಹಸಿ ಉಳಿಯುತ್ತದೆ. ಹೆಚ್ಚಿದ ತುಂಡನ್ನು ಜರಡಿಯಲ್ಲಿ ಹತ್ತು ನಿಮಿಷ ಬಿಡಿ. ಕೆಳಗೆ ಇಳಿದ ರಸ ಕುಡಿದುಬಿಡಿ, ಹಿಟ್ಟಿಗೆ ಹಾಕಬೇಡಿ.

ರವೆ ನೆನೆಸಿ

ಬತ್ತಿಸಿದ ರಸ, ಮೊಸರು, ಎಣ್ಣೆ, ಸಕ್ಕರೆ, ಉಪ್ಪು, ಏಲಕ್ಕಿ ಎಲ್ಲವನ್ನೂ ಒಂದು ಪಾತ್ರೆಯಲ್ಲಿ ಚೆನ್ನಾಗಿ ಕದಡಿ. ಇದಕ್ಕೆ ಚಿರೋಟಿ ರವೆ ಹಾಕಿ ಹದಿನೈದು ನಿಮಿಷ ಮುಚ್ಚಿಡಿ. ರವೆ ನಿಧಾನವಾಗಿ ನೀರು ಹೀರಿ ಉಬ್ಬುತ್ತದೆ. ಆಮೇಲೆ ಹಣ್ಣಿನ ತುಂಡು ಬಿಡುವ ನೀರೂ ಅದಕ್ಕೇ ಸೇರುತ್ತದೆ. ಮಫಿನ್ ಒಳಗೆ ಅಂಟಾಗದೆ ಹರಳು ಹರಳಾಗಿ ಬರುವುದು ಈ ರವೆಯಿಂದ. ಉಪ್ಪಿಟ್ಟಿನ ದಪ್ಪ ರವೆ ಹಾಕಬೇಡಿ, ಹಲ್ಲಿಗೆ ಸಿಗುತ್ತದೆ. ಅರ್ಧ ಮೈದಾ ಬದಲು ಗೋಧಿ ಹಿಟ್ಟು ಹಾಕಬಹುದು. ಆಗ ಎರಡು ಚಮಚ ಹಾಲು ಜಾಸ್ತಿ ಬೇಕು, ಮಫಿನ್ ಸ್ವಲ್ಪ ಗಟ್ಟಿ ಇರುತ್ತದೆ.

ಇಷ್ಟರಲ್ಲಿ ಓಟಿಜಿಯನ್ನು, ಅಂದರೆ ಕರೆಂಟಿನ ಸಣ್ಣ ಓವನನ್ನು, 200 ಡಿಗ್ರಿಗೆ ಇಟ್ಟು, ಮೇಲಿನ ಕೆಳಗಿನ ಎರಡೂ ಕಂಬಿ ಹಚ್ಚಿ, ಹತ್ತು ಹದಿನೈದು ನಿಮಿಷ ಕಾಯಿಸಿ. ಹಿಟ್ಟು ಕಲಸಿದ ಮೇಲೆ ಓವನ್ ಹಚ್ಚುವುದು ಬೇಡ. ಸೋಡಾ ಮತ್ತು ಮೊಸರು ಒಂದಕ್ಕೊಂದು ತಗುಲಿದ ಕೂಡಲೇ ಗಾಳಿ ಏಳಲು ಶುರುವಾಗುತ್ತದೆ. ಹಿಟ್ಟು ಕಾದು ಕೂತರೆ ಆ ಗಾಳಿ ಸುಮ್ನೆ ಹೋಗಿಬಿಡುತ್ತದೆ. ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಬಂದರೆ ಕರೆಂಟ್ ಹೋಗುವುದು ಗೊತ್ತೇ ಇದೆ. ಅರ್ಧ ಬೆಂದ ಮಫಿನ್ ತಣ್ಣಗಾದರೆ ಮತ್ತೆ ಏಳುವುದಿಲ್ಲ. ಬೆಳಗಿನ ಹೊತ್ತೇ ಮಾಡಿ.

ಕಲಸುವಾಗ ಕೈ ಬೇಗ ನಿಲ್ಲಿಸಿ

ಮೈದಾ, ಬೇಕಿಂಗ್ ಪೌಡರ್, ಸೋಡಾ ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಇದರಲ್ಲಿ ಒಂದು ದೊಡ್ಡ ಚಮಚದಷ್ಟು ತೆಗೆದು ಹಣ್ಣಿನ ತುಂಡುಗಳ ಮೇಲೆ ಉದುರಿಸಿ, ಎಲ್ಲ ತುಂಡಿಗೂ ತೆಳ್ಳಗೆ ಹಿಟ್ಟು ಅಂಟಲಿ. ಉಳಿದದ್ದನ್ನು ರವೆ ನೆನೆದ ಪಾತ್ರೆಗೆ ಒಂದೇ ಸಲಕ್ಕೆ ಸುರಿದು, ಚಪ್ಪಟೆ ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ಮಗುಚಿ. ಹತ್ತು ಹನ್ನೆರಡು ಸಲ ಸಾಕು.

ಹೋಳಿಗೆಗೆ ಕಣಕ ಕಲಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ತಗುಲಿದ ಹಿಟ್ಟನ್ನು ನಾದಿದಷ್ಟೂ ಎಳೆ ಎಳೆಯಾಗಿ ಜಿಗುಟು ಬರುತ್ತದೆ. ಹೋಳಿಗೆಗೆ ಅದೇ ಬೇಕು, ಮಫಿನ್‌ಗೆ ಅದೇ ಬೇಡ. ಜಾಸ್ತಿ ಕಲಸಿದ ಮಫಿನ್ ಮುರಿದು ನೋಡಿದರೆ ಒಳಗೆ ಸುರಂಗದ ಹಾಗೆ ಉದ್ದ ತೂತುಗಳಿರುತ್ತವೆ, ತಿಂದರೆ ರಬ್ಬರಿನಂತೆ. ಹಾಗಾಗಿ ಒಣ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ. ಸಣ್ಣ ಗಂಟುಗಳು ಇದ್ದರೆ ಇರಲಿ, ಬೇಯುವಾಗ ಕರಗುತ್ತವೆ. ಇದನ್ನು ಬಿಡುವುದು ನಮಗೆ ಕಷ್ಟ. ದೋಸೆ ಹಿಟ್ಟಿನಿಂದ ಬೋಂಡಾ ಹಿಟ್ಟಿನ ತನಕ ಗಂಟಿಲ್ಲದೆ ಕಲಸಿಯೇ ಕೈಗೆ ಅಭ್ಯಾಸ. ಇಲ್ಲಿ ಮಾತ್ರ ಮನಸ್ಸು ಗಟ್ಟಿ ಮಾಡಿ. ಕೊನೆಗೆ ತುಂಡುಗಳನ್ನು ಹಾಕಿ ಎರಡು ಸಲ ಮಗುಚಿ.

ಹಿಟ್ಟಿನ ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು. ಸೌಟು ಎತ್ತಿದರೆ ಹರಿಯಬಾರದು, ದಬಕ್ಕನೆ ಬೀಳಬೇಕು. ತೀರಾ ಗಟ್ಟಿಯಾದರೆ ಮಾತ್ರ ಎರಡು ಚಮಚ ಹಾಲು.

ಬೇಯಿಸುವುದು

ಪೇಪರ್ ಕಪ್ ಇಟ್ಟ ತಟ್ಟೆಗೆ ಮುಕ್ಕಾಲು ಭಾಗ ತುಂಬಿ. ಮೇಲೆ ಸ್ವಲ್ಪ ಸಕ್ಕರೆ ಉದುರಿಸಿದರೆ ತೆಳ್ಳಗೆ ಗರಿಗರಿಯಾದ ಪದರ ಬರುತ್ತದೆ. ಮೊದಲ ಆರು ನಿಮಿಷ 200 ಡಿಗ್ರಿ. ಆ ಜೋರು ಶಾಖಕ್ಕೆ ಹಿಟ್ಟು ತಟ್ಟನೆ ಮೇಲೆದ್ದು ಗುಮ್ಮಟ ಕಟ್ಟುತ್ತದೆ. ಆಮೇಲೆ ಬಾಗಿಲು ತೆಗೆಯದೆ 180ಕ್ಕೆ ಇಳಿಸಿ, ಇನ್ನು 15 ರಿಂದ 18 ನಿಮಿಷ. ನಡುವೆ ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು. ಹಣ್ಣಿನ ತುಂಡಿಗೆ ಚುಚ್ಚಿದರೆ ಕಡ್ಡಿ ಒದ್ದೆಯಾಗಿಯೇ ಬರುತ್ತದೆ, ಆದ್ದರಿಂದ ಇನ್ನೊಂದು ಕಡೆ ಚುಚ್ಚಿ ನೋಡಿ. ಆರು ಕಪ್ಪಿನ ಸಣ್ಣ ತಟ್ಟೆ ಇರುವವರು ಒಣ ಸಾಮಾನು, ಹಸಿ ಸಾಮಾನು ಎರಡನ್ನೂ ಮೊದಲೇ ಅರ್ಧರ್ಧ ಮಾಡಿಟ್ಟು, ಎರಡನೆಯ ಪಾಳಿಯದ್ದನ್ನು ಅದರ ಹೊತ್ತಿಗೇ ಕಲಸಿ.

ಊರಿನ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಮಡಿಕೇರಿ 1100 ಮೀಟರ್‌ಗೂ ಮೇಲೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಹಿಟ್ಟಿನೊಳಗಿನ ಗಾಳಿ ಜಾಸ್ತಿ ಹಿಗ್ಗುತ್ತದೆ. ಮಫಿನ್ ಬೇಗ ಎದ್ದು, ಗಟ್ಟಿಯಾಗುವ ಮೊದಲೇ ನಡು ಕುಸಿಯುತ್ತದೆ. ನಾನು ಕೊಟ್ಟಿರುವ ಒಂದೂವರೆ ಚಮಚ ಬೇಕಿಂಗ್ ಪೌಡರ್ ಬೆಂಗಳೂರಿನ ಲೆಕ್ಕ. ಮಡಿಕೇರಿಯವರು ಇನ್ನೊಂದು ಚಿಟಿಕೆ ಕಡಿಮೆ ಮಾಡಿ. ಮಂಗಳೂರು, ಕಾರವಾರದವರು ಒಂದೂಮುಕ್ಕಾಲು ಹಾಕಬಹುದು.

ಓವನ್ ಇಲ್ಲದವರು ದಪ್ಪ ತಳದ ಹಳೆಯ ಅಲ್ಯೂಮಿನಿಯಂ ಪಾತ್ರೆ ಬಳಸಿ. ತಳಕ್ಕೆ ಒಂದು ಇಂಚು ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಎಣ್ಣೆ ಸವರಿದ ಸಣ್ಣ ಸ್ಟೀಲ್ ಬಟ್ಟಲುಗಳಿಗೆ ಹಿಟ್ಟು ಹಾಕಿ ಒಳಗಿಟ್ಟು, ಸಣ್ಣ ಉರಿಯಲ್ಲಿ 25 ರಿಂದ 30 ನಿಮಿಷ ಬೇಯಿಸಿ. ಮೇಲೆ ಕೆಂಪಗಾಗುವುದಿಲ್ಲ, ಆದರೆ ರುಚಿಗೆ ಏನೂ ಕಡಿಮೆಯಿಲ್ಲ. ಕುಕ್ಕರಿನಲ್ಲೇ ಮಾಡುವುದಾದರೆ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ಮರೆಯದೆ ತೆಗೆದಿಡಿ.

ಜೂನ್ ಬಂದರೆ ನೇರಳೆ

ಮಾವು ಮುಗಿಯುವ ಹೊತ್ತಿಗೆ ಜಂಬುನೇರಳೆ ಬರುತ್ತದೆ. ಇದೇ ಅಳತೆಯಲ್ಲಿ ಮಾವಿನ ರಸದ ಬದಲು ಕಾಲು ಕಪ್ ಹಾಲು, ತುಂಡಿನ ಬದಲು ಬೀಜ ಬಿಡಿಸಿದ ನೇರಳೆ ಹಾಕಿ. ನೇರಳೆಯ ಒಗರು ಕಡಿಮೆಯಾಗಲು ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು ಬೆರೆಸಿ ಸ್ವಲ್ಪ ಹೊತ್ತಿಟ್ಟು ನೀರು ಬಸಿಯಿರಿ. ಸೋಡಾ ಮಾತ್ರ ಹಾಕಬೇಡಿ, ಬೇಕಿಂಗ್ ಪೌಡರನ್ನೇ ಎರಡು ಚಮಚಕ್ಕೆ ಏರಿಸಿ. ನೇರಳೆಯ ಬಣ್ಣ ಹುಳಿ ಇದ್ದ ಕಡೆ ಕೆಂಪು, ಸೋಡಾ ಇದ್ದ ಕಡೆ ನೀಲಿ ಹಸಿರು. ಸೋಡಾ ಹೆಚ್ಚಾದರೆ ಹಣ್ಣಿನ ಸುತ್ತ ಮಾಸಿದ ಹಸಿರು ಕಲೆ ಕಟ್ಟುತ್ತದೆ, ಮಕ್ಕಳು ಬೂಷ್ಟು ಎಂದು ಪಕ್ಕಕ್ಕಿಡುತ್ತಾರೆ. ಹಲಸಿನ ಹಣ್ಣಾದರೆ ಗಟ್ಟಿ ತೊಳೆಯ ಬಕ್ಕೆಯನ್ನೇ ಆರಿಸಿ, ಸಣ್ಣಗೆ ಹೆಚ್ಚಿ ಹಾಕಿ.

ಓವನ್‌ನಿಂದ ತೆಗೆದ ಮಫಿನ್ ಐದು ನಿಮಿಷ ತಟ್ಟೆಯಲ್ಲೇ ಇರಲಿ. ಆಮೇಲೆ ಜಾಲರಿಯ ಮೇಲಿಡಿ, ಇಲ್ಲದಿದ್ದರೆ ಆವಿ ಹನಿಯಾಗಿ ತಳ ಒದ್ದೆಯಾಗುತ್ತದೆ. ಬಿಸಿ ಇರುವಾಗ ಪೇಪರ್ ಬಿಡಿಸಿದರೆ ಅರ್ಧ ಮಫಿನ್ ಅದಕ್ಕೇ ಅಂಟುತ್ತದೆ, ಪೂರ್ತಿ ಆರುವ ತನಕ ತಡೆಯಿರಿ. ಬೇಸಿಗೆಯಲ್ಲಿ ಹೊರಗೆ ಒಂದು ದಿನ ಮಾತ್ರ ಇಡಿ, ಹಣ್ಣಿನ ತುಂಡು ಇರುವ ಕಡೆ ಬೇಗ ಬೂಷ್ಟು ಹಿಡಿಯುತ್ತದೆ. ಫ್ರಿಜ್‌ನಲ್ಲಿ ಡಬ್ಬಿ ಮುಚ್ಚಿಟ್ಟರೆ ಮೂರು ದಿನ. ತಿನ್ನುವ ಮೊದಲು 150 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ರಸ ಜಾಸ್ತಿ ಬತ್ತಿಸಿದ್ದರೆ ಅರ್ಧ ಅರ್ಧ ಕಪ್ ಅಳೆದು ಫ್ರೀಜರ್‌ಗೆ ಹಾಕಿ. ಆಷಾಢದ ಮಳೆಯಲ್ಲಿ, ತುಂಡಿಗೆ ಬದಲು ಒಣದ್ರಾಕ್ಷಿ ಹಾಕಿ, ಇನ್ನೊಂದು ಡಜನ್ ಮಾಡಬಹುದು.