ಮಂಡ್ಯದಿಂದ ಮೈಸೂರು ದೂರ ಆಗ್ತಿದೆಯಾ?

ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಬ್ರಹ್ಮಾಂಡ ಹಿಗ್ಗುತ್ತಿದೆ ಎಂದು ತೋರಿಸಲು ಮೊದಲೆಲ್ಲ ಬಲೂನು ಊದುತ್ತಿದ್ದೆ. ಅದರ ಮೇಲೆ ಪೆನ್ನಿನಲ್ಲಿ ಚುಕ್ಕಿ ಇಟ್ಟು, ಇವು ಗ್ಯಾಲಕ್ಸಿಗಳು ಎನ್ನುತ್ತಿದ್ದೆ. ಮಕ್ಕಳು ಬಲೂನಿನ ಹೊಟ್ಟೆಯೊಳಗೆ ನೋಡಿ, ಬಿಗ್ ಬ್ಯಾಂಗ್ ಸಿಡಿದಿದ್ದು ಅಲ್ಲೇ ಎಂದು ತಪ್ಪಾಗಿ ತಿಳಿದುಕೊಳ್ಳುತ್ತಿದ್ದರು. ಊದಿದಂತೆ ಚುಕ್ಕಿಯೂ ದೊಡ್ಡದಾಗುತ್ತಿತ್ತು. "ಹಾಗಾದ್ರೆ ಮಂಡ್ಯದಿಂದ ಮೈಸೂರೂ ದೂರ ಆಗ್ತಿದೆಯಾ ಮಿಸ್?" ಎಂದು ಒಬ್ಬಳು ಕೇಳಿದಳು. ಒಳ್ಳೆ ಪ್ರಶ್ನೆ. ಅವತ್ತು ನಾನು ಸರಿಯಾದ ಉತ್ತರ ಕೊಡಲಿಲ್ಲ. ಅದು ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಹಿಗ್ಗುವ ದರ ಪ್ರತಿ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ ಸುಮಾರು 70 ಕಿಲೋಮೀಟರ್. ಒಂದು ಮೆಗಾಪಾರ್ಸೆಕ್ ಎಂದರೆ 32.6 ಲಕ್ಷ ಜ್ಯೋತಿರ್ವರ್ಷ. ಅದೇ ದರವನ್ನು ನಮ್ಮ ಸುಮಾರು 45 ಕಿಲೋಮೀಟರಿಗೆ ಹಾಕಿದರೆ ವರ್ಷಕ್ಕೆ 3 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಮೂರು ಪಾಲು) ಬರುತ್ತದೆ. ಒಂದು ಕೂದಲಿನ ದಪ್ಪ ಆಗಲು ಇಪ್ಪತ್ತು ವರ್ಷ ಬೇಕು. ನಿಜಕ್ಕೂ ಅಷ್ಟೂ ಆಗುವುದಿಲ್ಲ. ಬಂಡೆ, ರೈಲು ಹಳಿ, ನಮ್ಮ ಮೈ, ಎಲ್ಲವನ್ನೂ ಅಣುಗಳ ನಡುವಿನ ಸೆಳೆತ ಗಟ್ಟಿಯಾಗಿ ಹಿಡಿದಿದೆ. ಸೌರಮಂಡಲವನ್ನು, ಇಡೀ ಗ್ಯಾಲಕ್ಸಿಯನ್ನು ಗುರುತ್ವ ಹಿಡಿದಿದೆ. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗ್ಯಾಲಕ್ಸಿ ಕೂಡ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ. ಹಿಗ್ಗುವಿಕೆ ಕಾಣುವುದು ಅದಕ್ಕಿಂತ ಎಷ್ಟೋ ದೊಡ್ಡ ದೂರಗಳಲ್ಲಿ.

ಬಲೂನು ಬಿಟ್ಟೆ. ಟೈಲರ್ ಅಂಗಡಿಯಿಂದ ಒಂದು ಮೀಟರ್ ಎಲಾಸ್ಟಿಕ್ ತಂದು, ಹತ್ತು ಸೆಂಟಿಮೀಟರಿಗೊಂದು ಅಂಗಿ ಗುಂಡಿ ಹೊಲಿದೆ. ಎಳೆದರೆ ಗುಂಡಿ ಇದ್ದಷ್ಟೇ ಇರುತ್ತದೆ, ನಡುವಿನ ಜಾಗ ಹಿಗ್ಗುತ್ತದೆ. ಇಬ್ಬರು ತುದಿ ಹಿಡಿದು ಒಂದೂವರೆ ಮೀಟರ್ ಆಗುವಂತೆ ಎಳೆಯುತ್ತಾರೆ. ಉಳಿದವರು ಯಾವುದೋ ಒಂದು ಗುಂಡಿಯನ್ನು 'ನಮ್ಮ ಮನೆ' ಅಂದುಕೊಂಡು ಅಳೆಯುತ್ತಾರೆ. ಪಕ್ಕದ ಗುಂಡಿ 5 ಸೆಂಟಿಮೀಟರ್ ಸರಿದಿರುತ್ತದೆ, ಅದರಾಚೆಯದು 10, ಮೂರನೆಯದು 15. ಬೇರೆ ಗುಂಡಿಯಿಂದ ಅಳೆದರೂ ಅದೇ ಲೆಕ್ಕ. ದೂರ ಜಾಸ್ತಿ ಇದ್ದಷ್ಟೂ ವೇಗ ಜಾಸ್ತಿ. 1929ರಲ್ಲಿ ಖಗೋಳ ವಿಜ್ಞಾನಿ ಹಬಲ್ ತೋರಿಸಿದ್ದು ಇದನ್ನೇ. 1927ರಲ್ಲೇ ಬೆಲ್ಜಿಯಂನ ವಿಜ್ಞಾನಿ ಲಮೇತ್ರ್ ಐನ್‌ಸ್ಟೈನರ ಸಮೀಕರಣಗಳಿಂದ ಇದನ್ನು ಪಡೆದಿದ್ದರು. "ಎಲಾಸ್ಟಿಕ್‌ಗೆ ತುದಿ ಇದೆ, ಹಾಗಾದ್ರೆ ನಡುವೂ ಇರಬೇಕು ಅಲ್ವಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ತುದಿಗಳನ್ನು ಮರೆತು, ಎರಡೂ ಕಡೆ ಮುಗಿಯದ ಎಲಾಸ್ಟಿಕ್ ನೆನೆಸಿಕೊಳ್ಳಿ ಎನ್ನುತ್ತೇನೆ.

ಬೆಳಕಿನ ವೇಗಕ್ಕೆ ಇಡೀ ಒಂದು ಪೀರಿಯಡ್ ಬೇಕು. ಯಾವ ಗ್ಯಾಲಕ್ಸಿಯೂ ಬೆಳಕಿಗಿಂತ ಬೇಗ ದೂರ ಹೋಗಲಾರದು ಎಂದು ನಾನೇ ಎಷ್ಟೋ ವರ್ಷ ತಪ್ಪು ಹೇಳಿದ್ದೆ. ಆ ಮಕ್ಕಳನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್, ಅದನ್ನು ಹಿಗ್ಗುವ ದರ 70ರಿಂದ ಭಾಗಿಸಿ ನೋಡಿ. ಸುಮಾರು 4,300 ಮೆಗಾಪಾರ್ಸೆಕ್, ಅಂದರೆ 1,400 ಕೋಟಿ ಜ್ಯೋತಿರ್ವರ್ಷ. ಅದರಾಚೆಯವು ಈಗ ಬೆಳಕಿಗಿಂತ ಬೇಗ ದೂರ ಆಗುತ್ತಿವೆ. ಬೆಳಕಿಗಿಂತ ಬೇಗ ಏನೂ ಓಡಲಾರದು ಎನ್ನುವ ಐನ್‌ಸ್ಟೈನರ ರಿಲೇಟಿವಿಟಿ ಇದರಿಂದ ಮುರಿಯುವುದಿಲ್ಲ. ಎಲಾಸ್ಟಿಕ್ ಮೇಲೆ ಇರುವೆಯೊಂದು ನಡೆಯುತ್ತಿದೆ, ಅದೇ ಬೆಳಕು ಅಂದುಕೊಳ್ಳಿ. ಯಾವ ಗುಂಡಿಯ ಪಕ್ಕದಲ್ಲಿ ನಿಂತು ನೋಡಿದರೂ ಇರುವೆಯನ್ನು ಏನೂ ಹಿಂದೆ ಹಾಕುವುದಿಲ್ಲ. 1905ರಲ್ಲಿ ಐನ್‌ಸ್ಟೈನ್ ಹೇಳಿದ ಮಿತಿ ಈ ಪಕ್ಕದ ಓಟಕ್ಕೆ. ತುಂಬ ದೂರದ ಎರಡು ಗುಂಡಿಗಳ ಅಂತರ ಮಾತ್ರ ಇರುವೆಯ ನಡಿಗೆಗಿಂತ ಬೇಗ ಬೆಳೆಯಬಹುದು.

ಅಂಥ ಗ್ಯಾಲಕ್ಸಿಗಳು ಕಾಣುವುದಿಲ್ಲ ಎಂದುಕೊಳ್ಳುವುದೂ ತಪ್ಪು. ರೆಡ್‌ಶಿಫ್ಟ್ (ಬೆಳಕಿನ ಅಲೆ ಮೊದಲಿದ್ದದ್ದರ ಎಷ್ಟು ಪಟ್ಟು ಹೆಚ್ಚಿದೆ ಎನ್ನುವ ಲೆಕ್ಕ) 1.5 ದಾಟಿದವು ಸರಿಸುಮಾರು ಎಲ್ಲವೂ ಅಂಥವೇ. ಅವು ಎಂದೋ ಕಳಿಸಿದ ಬೆಳಕು ಈಗ ನಮಗೆ ಮುಟ್ಟುತ್ತಿದೆ. ದಾರಿಯಲ್ಲಿ ಆ ಬೆಳಕಿನ ಅಲೆಯೂ ಹಿಗ್ಗಿರುತ್ತದೆ. ಅದನ್ನು ತೋರಿಸಲು ಈ ವರ್ಷದಿಂದ ಎಲಾಸ್ಟಿಕ್‌ನ ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ ಅಲೆ ಬರೆಯುತ್ತಿದ್ದೇನೆ. ಎಳೆದಾಗ 2 ಸೆಂಟಿಮೀಟರಿನ ಅಲೆ 3 ಆಗುತ್ತದೆ. ಹೆಚ್ಚಿದ್ದು 1, ಮೊದಲಿದ್ದದ್ದು 2, ರೆಡ್‌ಶಿಫ್ಟ್ 0.5. ಮಕ್ಕಳು ಸ್ಕೇಲ್ ಇಟ್ಟು ಅವರೇ ಅಳೆದು ಬರೆದುಕೊಳ್ಳುತ್ತಾರೆ.