ಸ್ಟೀರಿಯೊ 70: ಸ್ಪೀಕರ್ ಕೊಂಡಿ ಬದಲಿಸಿ, ಫೀಡ್‌ಬ್ಯಾಕ್ ತಂತಿ ಕದಲಿಸಬೇಡಿ

ಅಮೆರಿಕದ ಫಿಲಡೆಲ್ಫಿಯಾದ ಡೈನಾಕೊ ಕಂಪನಿ 1959ರಲ್ಲಿ ಸ್ಟೀರಿಯೊ 70 ಎಂಬ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರ್ ಹೊರತಂದಿತು. ಚಾನಲ್‌ಗೆ 35 ವಾಟ್, ನಾಲ್ಕು ಇಎಲ್34 ವಾಲ್ವ್. ಅನೇಕರು ಅದನ್ನು ಕಿಟ್ ರೂಪದಲ್ಲಿ ಕೊಂಡು ಮನೆಯಲ್ಲೇ ಕೂತು ಬೆಸೆದರು. ಆದ್ದರಿಂದ ಒಂದೊಂದರ ಒಳಗೂ ಒಂದೊಂದು ಕೈಯ ಗುರುತಿದೆ. ಕೈಪಿಡಿಯಲ್ಲಿರುವುದೇ ನಿಮ್ಮ ಪೆಟ್ಟಿಗೆಯಲ್ಲೂ ಇದೆ ಎಂದು ನಂಬಿ ಕೆಲಸಕ್ಕೆ ಇಳಿಯಬೇಡಿ.

ಇದರ ಸದ್ದಿನ ಬಗ್ಗೆ ನನಗೆ ದೂರಿಲ್ಲ. ದೂರಿರುವುದು ಹಿಂಬದಿಯ ತಿರುಪಿನ ಪಟ್ಟಿಯ ಬಗ್ಗೆ. ಪ್ರತಿ ಚಾನಲ್‌ಗೆ ಒಂದು ಕಾಮನ್ (ಎಲ್ಲ ಸ್ಪೀಕರ್‌ಗೂ ಸಮಾನ ತುದಿ), ಸ್ಪೀಕರ್‌ನ ಓಮ್‌ಗೆ ತಕ್ಕಂತೆ ಆರಿಸಲು 4, 8, 16 ಓಮ್ ಎಂದು ನಾಲ್ಕು ತಿರುಪುಗಳು ಒತ್ತೊತ್ತಾಗಿ ಕೂತಿವೆ. ಈಗಿನ ದಪ್ಪ ಸ್ಪೀಕರ್ ವೈರು ಅಲ್ಲಿ ಸರಿಯಾಗಿ ಕೂರುವುದಿಲ್ಲ. ಹೊರಚಾಚಿದ ಕೂದಲೆಳೆಯಷ್ಟು ತಾಮ್ರ ಪಕ್ಕದ ತಿರುಪಿಗೆ ತಗುಲಿದರೆ ಷಾರ್ಟ್. ವೈರು ಕಳಚಿಕೊಂಡರೆ ಇನ್ನೂ ಕೆಟ್ಟದ್ದು. ವಾಲ್ವ್ ಆಂಪ್ಲಿಫೈಯರ್ ಲೋಡ್ (ಅಂದರೆ ಸ್ಪೀಕರ್) ಇಲ್ಲದೆ ಹಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ (ವಾಲ್ವ್ ಬದಿಯ) ಸುರುಳಿಯಲ್ಲಿ ವೋಲ್ಟೇಜ್ ಮಿತಿಮೀರಿ ಏರಿ ಇನ್ಸುಲೇಷನ್ ಸೀಳಬಹುದು. ಆ ಟ್ರಾನ್ಸ್‌ಫಾರ್ಮರೇ ಈ ಯಂತ್ರದ ಜೀವ.

ಅದಕ್ಕೇ ಆ ಪಟ್ಟಿ ತೆಗೆದು ಬೈಂಡಿಂಗ್ ಪೋಸ್ಟ್ (ದಪ್ಪ ವೈರನ್ನು ಬಿಗಿಯಾಗಿ ಹಿಡಿಯುವ ತಿರುಪಿನ ಕೊಂಡಿ) ಹಾಕೋಣ. ಕೆಲಸಕ್ಕೆ ಮೊದಲು ಪ್ರಾಣದ ಮಾತು. ಒಳಗೆ 400 ವೋಲ್ಟ್ ದಾಟಿದ ಡಿ.ಸಿ. ಇರುತ್ತದೆ. ಪ್ಲಗ್ ಕಿತ್ತು, ವಾಲ್ವ್‌ಗಳು ಆರುವವರೆಗೆ ಕಾಯಿರಿ. ತಳದ ತಗಡು ತೆಗೆಯಿರಿ. 10 ಕಿಲೋಓಮ್, 10 ವಾಟ್ ರೆಸಿಸ್ಟರ್‌ನ ಒಂದು ತುದಿಯನ್ನು ಷಾಸಿಗೆ (ಲೋಹದ ಚೌಕಟ್ಟಿಗೆ) ಕ್ಲಿಪ್ ಹಾಕಿ, ಇನ್ನೊಂದನ್ನು ಇನ್ಸುಲೇಷನ್ ಇರುವ ಹಿಡಿಯಿಂದ ದೊಡ್ಡ ಕೆಪಾಸಿಟರ್‌ನ ನಾಲ್ಕೂ ಕಾಲುಗಳಿಗೆ ಒಂದಾದ ಮೇಲೊಂದರಂತೆ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಎಡಗೈ ಬೆನ್ನ ಹಿಂದಿರಲಿ. ಮೀಟರಿನಲ್ಲಿ ವೋಲ್ಟೇಜ್ ಸೊನ್ನೆಗೆ ಇಳಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಕೈ ಹಾಕಿ. ಇಂಥ ವೋಲ್ಟೇಜಿನ ಜೊತೆ ಪಳಗಿರದಿದ್ದರೆ, ಪಳಗಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

ಈಗ ಮೊಬೈಲಿನಲ್ಲಿ ನಾಲ್ಕಾರು ಫೋಟೊ ತೆಗೆದು, ಪ್ರತಿ ತಂತಿಗೂ ಅದು ಯಾವ ತಿರುಪಿನದೆಂದು ಬರೆದ ಕಾಗದದ ಚೀಟಿ ಸುತ್ತಿ. ಬಣ್ಣ ನಂಬಬೇಡಿ. 60 ವರ್ಷದ ಶಾಖ, ಧೂಳು ಕುಡಿದ ಕಿತ್ತಳೆ ವೈರು ಕಂದು ವೈರಿನ ಪಕ್ಕದಲ್ಲಿ ಕಂದಾಗಿಯೇ ಕಾಣುತ್ತದೆ. ಮೀಟರಿನ ಓಮ್ ಅಳತೆಯೂ ಇಲ್ಲಿ ನೆರವಾಗದು. ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ (ಸ್ಪೀಕರ್ ಬದಿಯ) ಸುರುಳಿಯ ಎಲ್ಲ ತುದಿಗಳ ನಡುವೆಯೂ ಅದು ಹೆಚ್ಚುಕಡಿಮೆ ಸೊನ್ನೆಯನ್ನೇ ತೋರಿಸುತ್ತದೆ.

16 ಓಮ್ ತಿರುಪನ್ನು ನಿಧಾನವಾಗಿ ನೋಡಿ. ಟ್ರಾನ್ಸ್‌ಫಾರ್ಮರ್‌ನಿಂದ ಬಂದ ತಂತಿಯ ಜೊತೆಗೆ ಇನ್ನೊಂದು ಸಣ್ಣ ತಂತಿ ಅಲ್ಲಿಂದ ಮುಂಬದಿಯ ಸರ್ಕ್ಯೂಟ್ ಬೋರ್ಡಿಗೆ ಹೋಗುತ್ತದೆ. ಅದೇ ಫೀಡ್‌ಬ್ಯಾಕ್. ಔಟ್‌ಪುಟ್‌ನ ಒಂದಿಷ್ಟು ಪಾಲನ್ನು ಮೊದಲ ಹಂತಕ್ಕೆ ಮರಳಿಸಿ ಸದ್ದಿನ ವಿಕೃತಿಯನ್ನು ತಗ್ಗಿಸುವ ದಾರಿ. ನಿಮ್ಮ ಸ್ಪೀಕರ್ 4 ಓಮ್ ಇರಲಿ, 8 ಇರಲಿ, ಈ ತಂತಿ 16ರಲ್ಲೇ ಇರಬೇಕು. ಅಚ್ಚುಕಟ್ಟು ಮಾಡುವ ಹುರುಪಿನಲ್ಲಿ ಅದನ್ನು 8ಕ್ಕೆ ತಂದರೆ ಫೀಡ್‌ಬ್ಯಾಕ್ ಕುಗ್ಗಿ, ಗೇನ್ (ಸದ್ದು ಹಿಗ್ಗಿಸುವ ಪ್ರಮಾಣ) ಏರಿ, ವಿಕೃತಿಯೂ ಹೆಚ್ಚುತ್ತದೆ. ಕಾಮನ್ ಬದಿಯಿಂದ ಗ್ರೌಂಡ್‌ಗೆ ಹೋಗುವ ತಂತಿಯೂ ಹಾಗೆಯೇ. ಅದು ತಪ್ಪಿದರೆ ಫೀಡ್‌ಬ್ಯಾಕ್‌ಗೆ ನೆಲೆಯೇ ಇಲ್ಲ.

ಹಾಗಾಗಿ ನಾನು ಹೇಳುವ ದಾರಿ ಇದು. ಷಾಸಿಯೊಳಗೆ, ಹಳೆಯ ಪಟ್ಟಿಯ ಹತ್ತಿರವೇ, ಇನ್ಸುಲೇಷನ್ ಇರುವ ನಾಲ್ಕು ಕಾಲಿನ ಟ್ಯಾಗ್ ಸ್ಟ್ರಿಪ್ (ತಂತಿ ಬೆಸೆಯುವ ಕಾಲುಗಳ ಪಟ್ಟಿ) ಚಾನಲ್‌ಗೊಂದರಂತೆ ಕೂರಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹುಡುಕಿದರೆ ಸಿಗುತ್ತದೆ. ಟ್ರಾನ್ಸ್‌ಫಾರ್ಮರ್‌ನ ನಾಲ್ಕು ತಂತಿಗಳನ್ನು ಕತ್ತರಿಸದೆ, ಬೆಸುಗೆ ಕರಗಿಸಿ ಬಿಡಿಸಿ, ಅದೇ ಕ್ರಮದಲ್ಲಿ ಇದಕ್ಕೆ ಬೆಸೆಯಿರಿ. ಫೀಡ್‌ಬ್ಯಾಕ್ ತಂತಿ 16ರ ಕಾಲಿಗೆ, ಗ್ರೌಂಡ್ ತಂತಿ ಕಾಮನ್ ಕಾಲಿಗೆ. ಬಳಿಕ 8 ಮತ್ತು ಕಾಮನ್ ಕಾಲುಗಳಿಂದ ಮಾತ್ರ 1.5 ಚದರ ಮಿ.ಮೀ. ವೈರನ್ನು ಹೊಸೆದು ಹೊರಗಿನ ಬೈಂಡಿಂಗ್ ಪೋಸ್ಟ್‌ಗಳಿಗೆ ಎಳೆಯಿರಿ: ಕೆಂಪು 8ಕ್ಕೆ, ಕಪ್ಪು ಕಾಮನ್‌ಗೆ. ಮುಂದೆ 4 ಓಮ್ ಸ್ಪೀಕರ್ ಬಂದರೆ ಒಂದೇ ಬೆಸುಗೆ ಬದಲಿಸಿದರಾಯಿತು.

ಪೋಸ್ಟ್‌ಗಳಿಗಾಗಿ ಷಾಸಿ ಕೊರೆಯಬೇಡಿ. ಹಳೆಯ ಪಟ್ಟಿ ಇದ್ದ ಜಾಗಕ್ಕೆ ಬೇಕಲೈಟ್ ತುಂಡೊಂದನ್ನು ಕತ್ತರಿಸಿ, ಅದರಲ್ಲಿ 19 ಮಿ.ಮೀ. ಅಂತರದಲ್ಲಿ ಪೋಸ್ಟ್ ಕೂರಿಸಿ. ಜೋಡಿ ಬನಾನಾ ಪ್ಲಗ್ ಹೊಂದುವ ಅಂತರ ಅದೇ.

ಪರೀಕ್ಷೆಗೆ ಒಳ್ಳೆಯ ಸ್ಪೀಕರ್ ಬೇಡ. ಎರಡೂ ಚಾನಲ್‌ಗಳಿಗೆ 8 ಓಮ್, 50 ವಾಟ್ ರೆಸಿಸ್ಟರ್ ಕಟ್ಟಿ. ಅಮೆರಿಕದಲ್ಲಿ ಮಾರಾಟವಾದ ಯಂತ್ರವಾದರೆ 120 ವೋಲ್ಟ್‌ನದು, ನಮ್ಮ 230ಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಮೊಬೈಲಿನಿಂದ 100 ಹರ್ಟ್ಜ್ ಸ್ವರ ಕೊಟ್ಟು, 8ರ ಕಾಲಿನಲ್ಲಿ 2 ವೋಲ್ಟ್ ಎ.ಸಿ. ಬರುವಂತೆ ಹೊಂದಿಸಿ. ಆಗ 16ರಲ್ಲಿ ಸುಮಾರು 2.8, 4ರಲ್ಲಿ ಸುಮಾರು 1.4 ಸಿಗಬೇಕು. ಸಿಕ್ಕರೆ ಚೀಟಿಗಳೆಲ್ಲ ಸರಿಯಿದ್ದವು ಎಂದರ್ಥ. ಕೈಯಾಡಿಸಿದ್ದೇವಾದ್ದರಿಂದ ಬಯಾಸನ್ನೂ (ಹಾಡಿಲ್ಲದಾಗ ವಾಲ್ವ್‌ಗಳಲ್ಲಿ ಹರಿಯುವ ವಿದ್ಯುತ್ತಿನ ಹೊಂದಾಣಿಕೆ) ನೋಡಿಬಿಡಿ: ಮೂಲ ವಿನ್ಯಾಸದಲ್ಲಿ ಅದು 1.56 ವೋಲ್ಟ್.

ಕೊನೆಗೆ ಸ್ಪೀಕರ್ ಜೋಡಿಸಿ, ಒಬ್ಬರೇ ಹಾಡಿರುವ ಮೊನೊ ಧ್ವನಿಮುದ್ರಣ ಹಾಕಿ. ದನಿ ಎರಡು ಪೆಟ್ಟಿಗೆಗಳ ನಟ್ಟನಡುವೆ ನಿಲ್ಲಬೇಕು. ಅತ್ತಿತ್ತ ಚೆದುರಿ ಮಂದ್ರ ತೆಳುವಾಯಿತೆಂದರೆ ಒಂದು ಬದಿಯಲ್ಲಿ ಕೆಂಪು ಕಪ್ಪು ಅದಲುಬದಲಾಗಿವೆ. ಮೊದಲು ಸ್ಪೀಕರ್ ಹಿಂದಿನ ವೈರು ನೋಡಿ. ತಪ್ಪು ಅಲ್ಲಿಲ್ಲದಿದ್ದರೆ ಪ್ಲಗ್ ಕೀಳಿ, ಕೆಪಾಸಿಟರ್ ಖಾಲಿ ಮಾಡುವ ಹಂತದಿಂದಲೇ ಮತ್ತೆ ಆರಂಭಿಸಿ.