ಕರುವಿನ ಎದೆಗೆ ಸುತ್ತಿದ ಟೇಪು

ನಮ್ಮ ಮನೆಯಲ್ಲಿ ಗೌರಿ ಎಂಬ ಸೀಮೆಹಸುವಿನ ಕಡಸೊಂದಿತ್ತು. ಹುಟ್ಟಿ ಹನ್ನೊಂದು ತಿಂಗಳಾಗಿದ್ದರೂ ನೋಡಿದವರು ಅದನ್ನು ಆರು ತಿಂಗಳ ಕರುವೆಂದೇ ತಿಳಿಯುತ್ತಿದ್ದರು. ಹೊಟ್ಟೆ ಮಾತ್ರ ಗುಡಾಣದಂತೆ ಉಬ್ಬಿತ್ತು, ಬೆನ್ನುಮೂಳೆ ಎದ್ದು ಕಾಣುತ್ತಿತ್ತು, ಮೈಮೇಲಿನ ಕೂದಲು ಒರಟಾಗಿ ನಿಂತಿತ್ತು. ಕೊಟ್ಟಿಗೆಗೆ ಬಂದ ಪಶುವೈದ್ಯರು ಜಂತುಹುಳುವಿನ ಔಷಧಿ ಕೊಟ್ಟು, ‘ಇದರ ತೂಕ ಎಷ್ಟಿರಬಹುದಮ್ಮ?’ ಎಂದು ಕೇಳಿದಾಗ ನನಗೆ ಉತ್ತರ ತಿಳಿದಿರಲಿಲ್ಲ. ಕರುವಿನ ತೂಕವನ್ನು ಮಾಗಡಿ ತಾಲ್ಲೂಕಿನ ನಮ್ಮಂಥ ಹಳ್ಳಿಯಲ್ಲಿ ಯಾರು ನೋಡುತ್ತಾರೆ? ಹಾಲಿನ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಎಲ್ಲವೂ ಡೇರಿಯ ಪುಸ್ತಕದಲ್ಲಿರುತ್ತವೆ. ಕರುವಿಗೆ ಮಾತ್ರ ಪುಸ್ತಕವಿಲ್ಲ.

ನಾನು ಹೊಲಿಗೆ ಕೆಲಸವನ್ನೂ ಮಾಡುತ್ತೇನೆ. ಅಂದು ವೈದ್ಯರು ನನ್ನ ಕೊರಳಲ್ಲಿದ್ದ ಟೇಪನ್ನು ಕೇಳಿ ಪಡೆದು, ಗೌರಿಯ ಮುಂಗಾಲುಗಳ ಹಿಂದೆ ಎದೆಯನ್ನು ಸುತ್ತಿ ಅಳೆದರು. ಆಮೇಲೆ ಭುಜದ ಮುಂತುದಿಯಿಂದ ಬಾಲದ ಬುಡದ ಪಕ್ಕದಲ್ಲಿರುವ ಮೂಳೆಯವರೆಗೆ ಮೈಯುದ್ದವನ್ನು ಅಳೆದರು. ಎದೆಸುತ್ತು 40 ಇಂಚು, ಉದ್ದ 36 ಇಂಚು. ಎದೆಸುತ್ತನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕವು ಕಿಲೋಗ್ರಾಂನಲ್ಲಿ ಸಿಗುತ್ತದೆ ಎಂದು ಹೇಳಿ ಲೆಕ್ಕ ಮಾಡಿ ತೋರಿಸಿದರು. 87 ಕಿಲೋ ಬಂತು. ಹುಟ್ಟಿದಾಗ ಸುಮಾರು 28 ಕಿಲೋ ಇದ್ದಿರಬಹುದಾದ ಕರು ಹನ್ನೊಂದು ತಿಂಗಳಲ್ಲಿ 59 ಕಿಲೋ ಬೆಳೆದಿತ್ತು, ಅಂದರೆ ದಿನಕ್ಕೆ 180 ಗ್ರಾಂ. ಇಂಥ ಮಿಶ್ರತಳಿಯ ಕಡಸು ದಿನಕ್ಕೆ ಅರ್ಧ ಕಿಲೋದಷ್ಟು ಬೆಳೆದು 250 ಕಿಲೋ ಮುಟ್ಟಿದ ಮೇಲೆ ಗರ್ಭಧಾರಣೆ ಮಾಡಿಸಬೇಕೆಂದು ಅವರು ಹೇಳಿ ಹೋದರು.

ಆ ರಾತ್ರಿ ಹೊಲಿಗೆಯ ಅಳತೆಗಳನ್ನು ಬರೆಯುವ ಪುಸ್ತಕದ ಹಿಂಬದಿಯಲ್ಲಿ ನಾನೇ ಲೆಕ್ಕ ಹಾಕಿದೆ. 28 ಕಿಲೋದಿಂದ 250 ಕಿಲೋವರೆಗೆ 222 ಕಿಲೋ ಏರಬೇಕು. ದಿನಕ್ಕೆ 500 ಗ್ರಾಂ ಏರಿದರೆ 444 ದಿನ, ಅಂದರೆ ಹದಿನೈದು ತಿಂಗಳಿಗೆ ಸ್ವಲ್ಪ ಕಡಿಮೆ. ದಿನಕ್ಕೆ 300 ಗ್ರಾಂ ಏರಿದರೆ 740 ದಿನ, ಅಂದರೆ ಎರಡು ವರ್ಷಕ್ಕೂ ಮೇಲೆ. ಅದಕ್ಕೆ ಗಬ್ಬದ ಒಂಬತ್ತು ತಿಂಗಳನ್ನು ಕೂಡಿಸಿದರೆ ಮೊದಲನೆಯದು ಎರಡು ವರ್ಷಕ್ಕೆ ಕರು ಹಾಕುತ್ತದೆ, ಎರಡನೆಯದು ಮೂರು ವರ್ಷದ ಹತ್ತಿರಕ್ಕೆ ಹೋಗುತ್ತದೆ. ಗೌರಿ ಕೊನೆಗೆ ಕರು ಹಾಕಿದ್ದು ನಲವತ್ತನೆಯ ತಿಂಗಳಿನಲ್ಲಿ. ಅಲ್ಲಿಯವರೆಗೆ ಅದು ತಿಂದದ್ದನ್ನೆಲ್ಲ ನಾವು ಖರ್ಚೆಂದು ಬರೆದುಕೊಳ್ಳಲೇ ಇಲ್ಲ, ಏಕೆಂದರೆ ಅದು ತಿನ್ನುತ್ತಿದ್ದುದು ಹಸುಗಳು ಬಿಟ್ಟ ಹುಲ್ಲು ಮತ್ತು ಅಡುಗೆಮನೆಯ ಕಲಗಚ್ಚು.

ಮುಂದಿನ ಕರು ತುಂಗೆ. ಅದು ಹುಟ್ಟಿದ ದಿನದಿಂದಲೇ ಪದ್ಧತಿಯನ್ನು ಬದಲಾಯಿಸಬೇಕೆಂದುಕೊಂಡೆ. ಮೊದಲ ತೊಡಕು ಗಿಣ್ಣುಹಾಲಿನದು. ಹಸುವಿನ ಸತ್ತೆ (ಮಾಸು) ಬೀಳುವವರೆಗೆ ಕರುವಿಗೆ ಮೊಲೆ ಕೊಡಬಾರದೆಂಬುದು ನಮ್ಮ ಅತ್ತೆಯವರು ತಮ್ಮ ಅತ್ತೆಯವರಿಂದ ಕಲಿತದ್ದು. ಸತ್ತೆ ಬೀಳುವುದಕ್ಕೆ ಕೆಲವು ಸಲ ಎಂಟು ಗಂಟೆಯೂ ಹಿಡಿಯುತ್ತದೆ. ಆದರೆ ಗಿಣ್ಣುಹಾಲಿನಲ್ಲಿರುವ ರೋಗನಿರೋಧಕ ಅಂಶಗಳನ್ನು ಕರುವಿನ ಕರುಳು ಹಾಗೆಹಾಗೆಯೇ ಹೀರಿಕೊಳ್ಳುವುದು ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಗಂಟೆ ಕಳೆದಂತೆ ಆ ಶಕ್ತಿ ಕುಗ್ಗುತ್ತ ಹೋಗಿ, ಒಂದು ದಿನದೊಳಗೆ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ನಾನು ವಾದ ಮಾಡಲಿಲ್ಲ. ‘ಅತ್ತೆ, ಇದೊಂದು ಸಲ ನೋಡೋಣ’ ಎಂದು ಕೇಳಿಕೊಂಡು, ಹುಟ್ಟಿದ ಒಂದು ಗಂಟೆಯೊಳಗೆ ಒಂದೂವರೆ ಲೀಟರಿನಷ್ಟು ಗಿಣ್ಣನ್ನು ಕರೆದು ಕುಡಿಸಿದೆ. ಉಳಿದ ಒಂದೂಕಾಲು ಲೀಟರನ್ನು ಅದೇ ದಿನ ಎರಡು ಸಲವಾಗಿ ಕೊಟ್ಟೆ. ಸತ್ತೆಯೂ ತನ್ನ ಹೊತ್ತಿಗೆ ಬಿತ್ತು. ತುಂಗೆಗೆ ಮೊದಲ ತಿಂಗಳು ಭೇದಿಯಾಗಲಿಲ್ಲ. ಅದೊಂದೇ ಕಾರಣವೆಂದು ಹೇಳಲಾರೆ. ಆ ಸಲ ಕರುವಿನ ಜಾಗವನ್ನು ದಿನವೂ ಒಣಗಿಸಿ ಸುಣ್ಣ ಚೆಲ್ಲಿದ್ದೆ ಕೂಡ.

ಹಾಲನ್ನು ಅಳೆದು ಕೊಟ್ಟದ್ದು ಎರಡನೆಯ ಬದಲಾವಣೆ. ‘ಕರುವಿಗೆ ಒಂದು ಮೊಲೆ ಬಿಟ್ಟಿದ್ದೇವೆ’ ಎಂದು ನಾವೆಲ್ಲ ಹೇಳುತ್ತೇವೆ, ಆದರೆ ಡೇರಿಯ ಹೊತ್ತಾದಾಗ ಆ ಮೊಲೆಯಲ್ಲೂ ಎಷ್ಟು ಉಳಿದಿರುತ್ತದೆ ಎಂಬುದು ಕರೆಯುವ ಕೈಗೇ ಗೊತ್ತು. ಮೊದಲ ತಿಂಗಳು ಮೈತೂಕದ ಹತ್ತನೆಯ ಒಂದು ಭಾಗ, ಎರಡನೆಯ ತಿಂಗಳು ಹದಿನೈದನೆಯ ಒಂದು, ಮೂರನೆಯ ತಿಂಗಳು ಇಪ್ಪತ್ತನೆಯ ಒಂದು ಎಂಬ ಕ್ರಮದಲ್ಲಿ ಅಳತೆಯ ಪಾತ್ರೆಯಲ್ಲಿ ಕೊಟ್ಟು, ಮೂರು ತಿಂಗಳಿಗೆ ಹಾಲು ಬಿಡಿಸಿದೆ.

ಹೀಗೆ ಹಾಲನ್ನು ಇಳಿಸಲು ಸಾಧ್ಯವಾಗುವುದು ಕರು ಅಷ್ಟರಲ್ಲಿ ಕಾಳಿನ ಆಹಾರ ತಿನ್ನುವುದನ್ನು ಕಲಿತಿದ್ದರೆ ಮಾತ್ರ. ಇದು ನನಗೆ ಅರ್ಥವಾದದ್ದು ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಗೆ ರೈತರ ತಂಡದೊಡನೆ ಹೋಗಿದ್ದಾಗ. 1995ರಲ್ಲಿ ಆರಂಭವಾದ ಈ ಸಂಸ್ಥೆಯ ಕೆಲಸವೇ ದನಗಳ ಮೇವು ಮತ್ತು ಪೋಷಣೆಯ ಸಂಶೋಧನೆ. (1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗೆಂದು ತಂಗಿದ್ದ ಗಾಂಧೀಜಿಯವರು ಹಸು ಸಾಕುವುದನ್ನು ಕಲಿಯಲು ಬಂದದ್ದು ಇದೇ ಆಡುಗೋಡಿಯಲ್ಲಿದ್ದ ಇಂಪೀರಿಯಲ್ ಡೇರಿ ಸಂಸ್ಥೆಗೆ ಎಂದು ತಿಳಿದಾಗ, ನಾನು ತಡವಾಗಿ ಕಲಿಯಲು ಬಂದೆನೆಂಬ ಸಂಕೋಚ ಸ್ವಲ್ಪ ಕಡಿಮೆಯಾಯಿತು.) ಹುಟ್ಟಿದ ಕರುವಿನ ದೊಡ್ಡಹೊಟ್ಟೆ ಹೆಸರಿಗೆ ಮಾತ್ರ ದೊಡ್ಡದು, ನಾಲ್ಕು ಹೊಟ್ಟೆಗಳಲ್ಲಿ ಆಗ ಕೆಲಸ ಮಾಡುವುದು ಹಾಲನ್ನು ಅರಗಿಸುವ ನಾಲ್ಕನೆಯದು. ಕರು ಕಾಳಿನ ಪುಡಿಯನ್ನು ತಿಂದಾಗ ಅದು ಒಳಗೆ ಹುದುಗಿ ಹುಟ್ಟುವ ಆಮ್ಲಗಳಿಂದಾಗಿ, ಅದರಲ್ಲೂ ಬ್ಯುಟಿರಿಕ್ ಆಮ್ಲದಿಂದಾಗಿ, ದೊಡ್ಡಹೊಟ್ಟೆಯ ಒಳಗೋಡೆಯ ಮೇಲೆ ಪೋಷಕಾಂಶಗಳನ್ನು ಹೀರುವ ಸಣ್ಣ ಸಣ್ಣ ಎಸಳುಗಳು ಬೆಳೆಯುತ್ತವೆ. ಹುಲ್ಲು ಹೊಟ್ಟೆಯನ್ನು ಹಿಗ್ಗಿಸುತ್ತದೆ, ಆದರೆ ಆ ಎಸಳುಗಳನ್ನು ಅಷ್ಟಾಗಿ ಬೆಳೆಸುವುದಿಲ್ಲ. ಗೌರಿಯ ಗುಡಾಣದ ಹೊಟ್ಟೆಗೆ ಜಂತುಹುಳುವಿನ ಜೊತೆಗೆ ಇದೂ ಒಂದು ಕಾರಣವಾಗಿತ್ತು.

ತುಂಗೆಗೆ ಎರಡನೆಯ ವಾರದಿಂದಲೇ ಹಾಲು ಕುಡಿದು ಮುಗಿಸಿದ ಕೂಡಲೇ ಬೆರಳಿಗೆ ಹತ್ತಿದಷ್ಟು ಪುಡಿಯನ್ನು ಬಾಯಿಗೆ ಸವರಿದೆ. ನಾಲ್ಕೈದು ದಿನದಲ್ಲಿ ತಾನೇ ಬಾಂಡ್ಲಿಗೆ ಮೂತಿ ಹಾಕತೊಡಗಿತು. ಮಿಶ್ರಣ ನನ್ನದೇ: 100 ಕಿಲೋಗೆ ನುಚ್ಚು ಮಾಡಿಸಿದ ಮೆಕ್ಕೆಜೋಳ 45, ಕಡಲೆಕಾಯಿ ಹಿಂಡಿ 30, ಗೋಧಿ ಬೂಸಾ 22, ಖನಿಜ ಮಿಶ್ರಣ 2, ಉಪ್ಪು 1. ಜೋಳದಲ್ಲಿ ಪ್ರೋಟೀನು ಶೇ. 9, ಹಿಂಡಿಯಲ್ಲಿ 40, ಬೂಸಾದಲ್ಲಿ 15 ಎಂದಿಟ್ಟುಕೊಂಡರೆ ಒಟ್ಟು ಶೇ. 19 ಚಿಲ್ಲರೆ ಬರುತ್ತದೆ. ಎಳೆಗರುವಿಗೆ ಬೇಕಾದದ್ದು ಸುಮಾರು ಅಷ್ಟೆ. ಹಿಂಡಿಯನ್ನು ಕೊಳ್ಳುವಾಗ ಮುರಿದು ಮೂಸಿ ನೋಡುತ್ತೇನೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ, ಅದರ ಪೆಟ್ಟು ಎಳೆಗರುವಿನ ಪಿತ್ತಜನಕಾಂಗಕ್ಕೆ ಮೊದಲು ಬೀಳುತ್ತದೆ. ಪುಡಿಯ ಪಕ್ಕದಲ್ಲಿ ನೀರಿನ ಬಕೆಟ್ಟು ಯಾವಾಗಲೂ ಇರಬೇಕು; ಹಾಲು ಕುಡಿಯುವ ಕರುವಿಗೆ ನೀರೇಕೆ ಎಂದು ನಾವೂ ಬಹಳ ಕಾಲ ಅಂದುಕೊಂಡಿದ್ದೆವು.

ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮೊದಲ ಆರು ತಿಂಗಳು ನಾನು ತಪ್ಪಾಗಿ ಅಳೆದೆ. ಉತ್ಸಾಹದಲ್ಲಿ ಹದಿನೈದು ದಿನಕ್ಕೊಮ್ಮೆ ಟೇಪು ಹಿಡಿಯುತ್ತಿದ್ದೆ. ಒಂದು ಸಲ ಕರು ಹತ್ತು ಕಿಲೋ ಏರಿದಂತೆಯೂ ಇನ್ನೊಂದು ಸಲ ಎರಡು ಕಿಲೋ ಇಳಿದಂತೆಯೂ ಲೆಕ್ಕ ಬರುತ್ತಿತ್ತು. 45 ಇಂಚು ಎದೆಸುತ್ತು, 41 ಇಂಚು ಉದ್ದದ ಕರುವಿನ ತೂಕ ಸುಮಾರು 126 ಕಿಲೋ. ಎದೆಸುತ್ತಿನಲ್ಲಿ ಒಂದೇ ಒಂದು ಇಂಚು ಹೆಚ್ಚಾಗಿ ಓದಿದರೆ ಅದು 131 ದಾಟುತ್ತದೆ. ಹದಿನೈದು ದಿನದಲ್ಲಿ ಕರು ನಿಜವಾಗಿ ಬೆಳೆಯುವುದೂ ಆರೇಳು ಕಿಲೋ ಮಾತ್ರ. ಟೇಪಿನ ತಪ್ಪೇ ಬೆಳವಣಿಗೆಯಷ್ಟು ದೊಡ್ಡದಾದರೆ ಆ ಅಳತೆಯಿಂದ ಏನನ್ನು ತಿಳಿಯಲು ಸಾಧ್ಯ? ಈಗ ಪ್ರತಿ ತಿಂಗಳ ಒಂದನೆಯ ತಾರೀಖು, ಬೆಳಿಗ್ಗೆ ಮೇವು ನೀರು ಇಡುವ ಮುನ್ನ, ಕರುವನ್ನು ಚಪ್ಪಡಿಯ ಮೇಲೆ ನಾಲ್ಕೂ ಕಾಲು ಸಮವಾಗಿ ನಿಲ್ಲಿಸಿ, ಮೂರು ಸಲ ಅಳೆದು ಸರಾಸರಿಯನ್ನು ಬರೆಯುತ್ತೇನೆ. ಹೀಗೆ ಅಳೆದರೆ ದೃಷ್ಟಿ ತಾಗುತ್ತದೆಂದು ಅತ್ತೆಯವರು ಗೊಣಗುತ್ತಿದ್ದರು. ಒಂದನೆಯ ತಾರೀಖು ನಾನು ಮರೆತರೆ ಈಗ ನೆನಪಿಸುವವರೂ ಅವರೇ.

ತುಂಗೆಗೆ ಆರು ತಿಂಗಳಾದಾಗ 43 ಇಂಚು, 39 ಇಂಚು; 109 ಕಿಲೋ. ದಿನಕ್ಕೆ 450 ಗ್ರಾಂ. ಹದಿನಾಲ್ಕು ತಿಂಗಳಿಗೆ 233 ಕಿಲೋ ಆಯಿತು. ಹದಿನಾರನೆಯ ತಿಂಗಳು ಬೆದೆಗೆ ಬಂದಾಗ 251 ಕಿಲೋ ಇತ್ತು, ಆಗಲೇ ಗರ್ಭಧಾರಣೆ ಮಾಡಿಸಿದೆ.

ಕಾವೇರಿ ಎಂಬ ಇನ್ನೊಂದು ಕರುವಿನ ಅಳತೆಯ ಪುಟ ಅಷ್ಟು ಚೆನ್ನಾಗಿಲ್ಲ. ಅದು ಹತ್ತು ತಿಂಗಳ ಕಡಸಾಗಿದ್ದಾಗ ಮಳೆ ಕೈಕೊಟ್ಟು ನಮ್ಮ ರಾಗಿಹುಲ್ಲಿನ ಮೆದೆ ಮಾರ್ಚಿಗೇ ಮುಗಿಯಿತು. ಮಂಡ್ಯದ ಕಡೆಯಿಂದ ಬಂದ ಲಾರಿಯ ಭತ್ತದ ಹುಲ್ಲನ್ನು ಕೊಂಡೆವು. ಹುಲ್ಲು ಹುಲ್ಲೇ ತಾನೆ ಎಂದುಕೊಂಡಿದ್ದೆ. ದಿನಕ್ಕೆ 480 ಗ್ರಾಂ ಏರುತ್ತಿದ್ದ ಕಾವೇರಿ ಎರಡೇ ತಿಂಗಳಲ್ಲಿ 210ಕ್ಕೆ ಇಳಿಯಿತು, ಗೋಡೆ ನೆಕ್ಕತೊಡಗಿತು. ಎರಡು ಹುಲ್ಲಿನಲ್ಲೂ ಪ್ರೋಟೀನು ಕಡಿಮೆಯೇ, ಶೇ. 3-4. ಆದರೆ ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಅದು ಅರಗುವುದೂ ಕಡಿಮೆ. ಅದರ ಆಕ್ಸಲೇಟು ಸುಣ್ಣದಂಶವನ್ನು ಹಿಡಿದಿಟ್ಟು ದನಕ್ಕೆ ಸಿಗದಂತೆ ಮಾಡುತ್ತದೆ. ರಾಗಿಹುಲ್ಲಿನಲ್ಲಿ ಸುಣ್ಣದಂಶ ಧಾರಾಳವಾಗಿದೆ. ತಲೆಮಾರುಗಳಿಂದ ನಮ್ಮ ಕಡೆಯವರು ರಾಗಿಹುಲ್ಲಿನ ಮೆದೆಯನ್ನು ಮನೆಯ ಮರ್ಯಾದೆಯಂತೆ ಕಾಪಾಡಿಕೊಂಡು ಬಂದದ್ದು ಸುಮ್ಮನೆ ಅಲ್ಲ.

ಆಗ ಯೂರಿಯಾ ಉಪಚಾರಕ್ಕೆ ಕೈಹಾಕಿದೆ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಟಾರ್ಪಾಲು ಮುಚ್ಚಿ 21 ದಿನ ಬಿಡಬೇಕು. ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ; ಅದು ಹುಲ್ಲಿನ ನಾರಿನ ಬಿಗಿಯನ್ನು ಸಡಿಲಿಸುವುದರ ಜೊತೆಗೆ ಸಾರಜನಕವನ್ನೂ ಕೂಡಿಸಿ ಪ್ರೋಟೀನನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ನನ್ನ ಮೊದಲ ಮೆದೆ ಹಾಳಾಯಿತು. ಟಾರ್ಪಾಲಿನ ಒಂದು ಮೂಲೆಯನ್ನು ಇಲಿ ಕಡಿದಿತ್ತು. ಅಮೋನಿಯಾ ಹೊರಟುಹೋಗಿ, ಒದ್ದೆ ಹುಲ್ಲಿಗೆ ಬೂಷ್ಟು ಹಿಡಿದು, ಅಷ್ಟನ್ನೂ ತಿಪ್ಪೆಗೆ ಹಾಕಿದೆ. ಎರಡನೆಯ ಸಲ ಮುಚ್ಚಿಗೆ ಬಿಚ್ಚಿದಾಗ ಕಣ್ಣಲ್ಲಿ ನೀರು ಬರುವಂಥ ಘಾಟು ಎದ್ದಾಗ ಸರಿಯಾಗಿದೆಯೆಂದು ತಿಳಿಯಿತು. ಕೊಡುವ ಹಿಂದಿನ ರಾತ್ರಿಯೇ ಹುಲ್ಲನ್ನು ಹರವಿ ಘಾಟು ಹೋಗಿಸಬೇಕು, ಆರು ತಿಂಗಳೊಳಗಿನ ಕರುವಿಗೆ ಕೊಡಬಾರದು, ಯೂರಿಯಾದ ಚೀಲವಾಗಲಿ ಅದನ್ನು ಕರಗಿಸಿದ ನೀರಾಗಲಿ ದನದ ಬಾಯಿಗೆ ಸಿಗಬಾರದು; ಯೂರಿಯಾವನ್ನು ಹಾಗೇ ತಿಂದ ದನ ಸಾಯಬಹುದು.

ಕಾವೇರಿ ಮತ್ತೆ 400 ಗ್ರಾಂ ದಾಟಿತು. ಆದರೆ ಅದೇ ವಾರದಿಂದ ನಾನು ಹಿಂಡಿಯನ್ನೂ ಕಾಲು ಕಿಲೋ ಹೆಚ್ಚಿಸಿ, ಖನಿಜ ಮಿಶ್ರಣವನ್ನೂ ಬದಲಾಯಿಸಿದ್ದೆ. ಗೆಲುವಿನಲ್ಲಿ ಯಾವುದರ ಪಾಲು ಎಷ್ಟೆಂಬುದನ್ನು ನನ್ನ ಪುಸ್ತಕ ಹೇಳುವುದಿಲ್ಲ.

ಆ ಕಡಸಿನ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಊರಿನ ಮದುವೆಯೊಂದರಲ್ಲಿ ಉಳಿದ ಅನ್ನವನ್ನು ಚೆಲ್ಲಲು ಮನಸ್ಸಾಗದೆ ನಾನೇ ಒಂದು ದೊಡ್ಡ ಪಾತ್ರೆಯಷ್ಟನ್ನು ಕಾವೇರಿಯ ಮುಂದಿಟ್ಟೆ. ಸಂಜೆಗೆ ಮೆಲುಕು ನಿಂತಿತು, ಬೆಳಿಗ್ಗೆಗೆ ಹುಳಿವಾಸನೆಯ ಭೇದಿ ಶುರುವಾಯಿತು, ಕಣ್ಣು ಗುಳಿಬಿದ್ದವು. ಪಿಷ್ಟ ಒಮ್ಮೆಗೇ ಹೊಟ್ಟೆಗೆ ಬಿದ್ದರೆ ಅಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು, ನಾರನ್ನು ಅರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ವೈದ್ಯರು ಅಡುಗೆ ಸೋಡ ಕುಡಿಸಿ, ಎರಡು ದಿನ ಡ್ರಿಪ್ ಹಾಕಿ ಉಳಿಸಿಕೊಟ್ಟರು. ಪುಸ್ತಕದಲ್ಲಿ ಮುಂದಿನ ಎರಡು ತಿಂಗಳ ಅಳತೆ ಒಂದೇ ಇದೆ. ಯಾವ ಹೊಸ ಮೇವನ್ನಾದರೂ ಹತ್ತು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸುವುದನ್ನು ಅಂದಿನಿಂದ ತಪ್ಪಿಸಿಲ್ಲ.

ಇದಕ್ಕೆ ಎದುರಾದ ತಪ್ಪನ್ನೂ ಮಾಡಿದ್ದೇನೆ. ಸೀತೆ ಎಂಬ ಕರುವಿಗೆ ಹುಮ್ಮಸ್ಸಿನಿಂದ ಪಶು ಆಹಾರವನ್ನು ಸುರಿದು ದಿನಕ್ಕೆ 800 ಗ್ರಾಂ ಮುಟ್ಟಿಸಿದೆ. ಅದರ ಬಾಲದ ಬುಡದಲ್ಲಿ ಕೊಬ್ಬಿನ ಗಂಟು ಕಾಣುವಂತಾಯಿತು. ವೈದ್ಯರು ಹೊಗಳುತ್ತಾರೆಂದುಕೊಂಡರೆ ಬೈದರು. ಬೆದೆಗೆ ಬರುವ ಮುನ್ನ ಕಡಸು ಅತಿ ವೇಗವಾಗಿ ಮೈತುಂಬಿದರೆ ಕೆಚ್ಚಲಿನಲ್ಲಿ ಹಾಲು ಸುರಿಸುವ ಅಂಗಾಂಶದ ಬೆಳವಣಿಗೆ ಕುಂಠಿತವಾಗಿ, ಕೊಬ್ಬು ಸೇರಿಕೊಳ್ಳುತ್ತದೆ. ಸೆಯರ್‌ಸನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1982ರಲ್ಲೇ ಇದನ್ನು ಹಾಲ್‌ಸ್ಟೀನ್ ಕಡಸುಗಳಲ್ಲಿ ತೋರಿಸಿದ್ದರೆಂದು ಆಮೇಲೆ ತಿಳಿದುಕೊಂಡೆ. ತೂಕದ ಜೊತೆಗೆ ಡುಬ್ಬದ ಎತ್ತರವನ್ನೂ ಬರೆಯತೊಡಗಿದ್ದು ಆ ಬಳಿಕ. ತೂಕ ಏರಿ ಎತ್ತರ ಏರದಿದ್ದರೆ ಅದು ಕೊಬ್ಬು.

ನೀರಿನ ಮೇಲೆ ತೇಲುತ್ತ ಬೆಳೆಯುವ ಅಜೋಲ್ಲಾ ಎಂಬ ಸಣ್ಣ ಸಸ್ಯವನ್ನೂ ಮೇವಿಗೆಂದು ಒಂದು ವರ್ಷ ತೊಟ್ಟಿಯಲ್ಲಿ ಬೆಳೆದೆ. ಅದರಲ್ಲಿ ಪ್ರೋಟೀನು ಇದೆ ಎಂಬುದು ನಿಜ, ಆದರೆ ತೂಕದ ಶೇ. 90ಕ್ಕೂ ಹೆಚ್ಚು ಪಾಲು ನೀರೇ. ಒಂದು ಕಿಲೋ ಕೊಟ್ಟರೆ ಹೊಟ್ಟೆಗೆ ಸೇರುವ ಒಣ ಪದಾರ್ಥ ನೂರು ಗ್ರಾಮಿಗೂ ಕಡಿಮೆ. ತೊಟ್ಟಿಯ ಜಾಗದಲ್ಲಿ ಈಗ ಕುದುರೆಮೆಂತೆ ಎಂಬ ಹಸಿರುಮೇವು ಇದೆ.

ಖರ್ಚನ್ನು ಕೇಳುವವರಿಗೆ ನನ್ನ ಲೆಕ್ಕವನ್ನು ಹಾಗೇ ಹೇಳುತ್ತೇನೆ. ತುಂಗೆಗೆ ಹೆಚ್ಚಾಗಿ ಕೊಟ್ಟ ಹಾಲು, ಕರುವಿನ ಪುಡಿ, ಆಮೇಲಿನ ಹಿಂಡಿ ಬೂಸಾ ಎಲ್ಲ ಸೇರಿ ಸುಮಾರು 20,000 ರೂಪಾಯಿ ಆಯಿತು. ಗೌರಿಗಿಂತ ಹದಿನೈದು ತಿಂಗಳು ಮೊದಲೇ ಕರು ಹಾಕಿದ್ದರಿಂದ, ದಿನಕ್ಕೆ 40 ರೂಪಾಯಿಯಂತೆ ಉಳಿದ ಮೇವಿನ ಖರ್ಚು 18,000. ಮೇವಿನಲ್ಲಿ ಉಳಿತಾಯವೇನೂ ಆಗಲಿಲ್ಲ. ಲಾಭವಿರುವುದು ಆ ಹದಿನೈದು ತಿಂಗಳು ಮುಂಚಿತವಾಗಿ ಡೇರಿಗೆ ಹೋದ ಹಾಲಿನಲ್ಲಿ, ಮತ್ತು ಕೊಟ್ಟಿಗೆಯಲ್ಲಿ ಬೇಗ ತೆರವಾದ ಒಂದು ಗೂಟದಲ್ಲಿ. ಕೈಯಲ್ಲಿ ಆ 20,000 ಮೊದಲೇ ಇಲ್ಲದವರಿಗೆ ಇದು ಸುಲಭವಲ್ಲ. ನಾನು ಹೊಲಿಗೆಯ ದುಡ್ಡಿನಿಂದ ಸರಿದೂಗಿಸಿದೆ.

ಈ ವರ್ಷ ಹತ್ತು ದಿನಗಳ ಅಂತರದಲ್ಲಿ ಹುಟ್ಟಿದ ಎರಡು ಹೆಣ್ಣುಗರುಗಳಿವೆ, ಎರಡಕ್ಕೂ ಎಂಟು ತಿಂಗಳು ತುಂಬಿದೆ. ಒಂದಕ್ಕೆ ಉಪಚರಿಸಿದ ಹುಲ್ಲು ಮಾತ್ರ, ಇನ್ನೊಂದಕ್ಕೆ ಮಾಮೂಲಿ ಹುಲ್ಲಿನ ಜೊತೆ ಕಾಲು ಕಿಲೋ ಹೆಚ್ಚಿನ ಹಿಂಡಿ, ಉಳಿದದ್ದೆಲ್ಲ ಸಮ. ಎರಡು ಕರುಗಳಿಂದ ಏನೂ ಸಿದ್ಧವಾಗುವುದಿಲ್ಲವೆಂದು ಗೊತ್ತಿದೆ, ಆದರೂ ಕಾವೇರಿಯ ಪುಟದಲ್ಲಿ ಬಿಟ್ಟುಹೋದ ಪ್ರಶ್ನೆಯನ್ನು ಹಾಗೇ ಬಿಡಲು ಮನಸ್ಸಿಲ್ಲ. ಎರಡು ಅಳತೆಗಳಾಗಿವೆ, ಸದ್ಯಕ್ಕೆ ಹಿಂಡಿಯ ಕರು ಮೂರು ಕಿಲೋ ಮುಂದಿದೆ, ಅದು ನನ್ನ ಟೇಪಿನ ತಪ್ಪಿನೊಳಗೇ ಬರುವ ಅಂತರ.